ತಾಯಿಗಿಡಗಳ ತಟ್ಟೆಯಲ್ಲಿ ನಿಂತ ನೀರು

"ಅಂಕಲ್, ಹನ್ನೆರಡು ಗಂಟೆಗೆ ನನ್ನನ್ನ ಕೆಲಸದಿಂದ ತೆಗೀತಾರಂತೆ. ಇನ್ನು ಮೂರೇ ಗಂಟೆ," ಎಂದು ನೈರಿ ಹೊಸ್ತಿಲಲ್ಲೇ ನಿಂತು ಹೇಳಿದಳು. ಬೂಟು ಬಿಚ್ಚುವಷ್ಟೂ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಅಂಕಲ್ ಹೋಹೆಪಾ ಮೂವತ್ತೊಂದು ವರ್ಷ ಡೈರಿಯಲ್ಲಿ ಹಾಲು ಪರೀಕ್ಷಿಸಿದವರು. ಯಾವ ಕ್ಯಾನಿಗೆ ಎಷ್ಟು ನೀರು ಬಿದ್ದಿದೆಯೆಂದು ಮುಚ್ಚಳ ತೆಗೆಯುವಷ್ಟರಲ್ಲಿ ಹೇಳುತ್ತಿದ್ದರು. ನಿವೃತ್ತಿಯ ಮೇಲೆ, ವೈರೋವಾ ಊರಿನವರ ಮಾತಿಗೆ ಬಿದ್ದ ನೀರನ್ನು ಪತ್ತೆ ಹಚ್ಚುವ ಕೆಲಸ ತಾನಾಗಿ ಬಂದು ಅವರ ಕೊರಳಿಗೆ ಬಿತ್ತು. ನಾನು ಅವರ ತಂಗಿಯ ಮಗ, ಅವರ ಕಾರಿನ ಚಾಲಕ, ಶಾಲೆಯಲ್ಲಿ ನಾಟಕದ ಮೇಷ್ಟ್ರು. ಹೆಸರು ಪಿತಾ, ಮದುವೆ ಇನ್ನೂ ಆಗಿಲ್ಲ.

"ಏನಾಯ್ತು? ಬಿಡಿಸಿ ಹೇಳಮ್ಮ," ಎಂದರು ಅಂಕಲ್.

"ಆರೂ ತಾಯಿಗಿಡ ಬಾಡಿ ಬಿದ್ದಿದಾವೆ. ತಟ್ಟೆಗಳಲ್ಲಿ ನೀರು ಹಾಗೇ ನಿಂತಿದೆ. ನಾನು ಚೆಲ್ಲದೇ ಹೋದೆ ಅಂತಾರೆ. ಒಮ್ಮೆ ಇಲ್ಲಿ ಕಪ್ಪು ಚುಕ್ಕೆ ಬಿದ್ರೆ ಯಾವ ಗಾಂಜಾ ತೋಟದವರೂ ನನ್ನನ್ನ ಒಳಗೆ ಬಿಟ್ಕೊಳಲ್ಲ, ಅಂಕಲ್."

ನಮ್ಮ ಬುಡಕಟ್ಟಿನವರು ಪರವಾನಗಿ ಪಡೆದು ಔಷಧಿಗಾಗಿ ಗಾಂಜಾ ಬೆಳೆಯುವ ಕಟ್ಟಡ ಊರಾಚೆ, ನದಿಯ ದಂಡೆಯಲ್ಲಿದೆ. ಒಳಗಿನ ಕೋಣೆಯಲ್ಲಿ ದೀಪಗಳ ಕೆಳಗೆ ಆರು ತಾಯಿಗಿಡಗಳು; ಅವುಗಳ ಆರೈಕೆ ನೈರಿಯದು. ಉಳಿದ ಗಿಡಗಳೆಲ್ಲ ಅವುಗಳ ಕಡ್ಡಿಯಿಂದ ಚಿಗುರಿದ ಮಕ್ಕಳು. ಒಂದರ ಬೇರಿನ ರೋಗ ಇನ್ನೊಂದಕ್ಕೆ ಹರಿಯದಿರಲೆಂದು ಒಂದೊಂದು ಕುಂಡದಡಿಗೂ ಬೇರೆ ಬೇರೆ ತಟ್ಟೆ. ಕುಂಡಕ್ಕೆ ಎರಡು ಲೀಟರ್ ಹೊಯ್ದರೆ ಐದರಲ್ಲೊಂದು ಪಾಲು ಕೆಳಗಿಳಿಯುತ್ತದೆ. ಅದರಲ್ಲಿ ಕರಗಿದ ಗೊಬ್ಬರದ ಉಪ್ಪನ್ನು ಅಳೆದು, ಹಲಗೆಯ ಮೇಲೆ ಬರೆದು, ಅರ್ಧ ಗಂಟೆಯೊಳಗೆ ಚೆಲ್ಲಬೇಕು. ಬಿಟ್ಟರೆ ಗಿಡ ತಾನು ಉಗುಳಿದ್ದನ್ನೇ ಮತ್ತೆ ಕುಡಿಯುತ್ತದೆ.

ನಾವು ಹೋದಾಗ ಎಲೆಗಳ ಅಂಚು ಸುಟ್ಟ ಕಾಗದದಂತಾಗಿತ್ತು. ತಟ್ಟೆಗಳು ತುಂಬಿ ತುಳುಕುತ್ತಿದ್ದವು. ಗಿಡಗಳ ಮೇಜಿನಡಿ ಕಂದು ನೀರು ತುಂಬಿದ ದೊಡ್ಡ ಬೋಗುಣಿ; ಊಟದ ಕೋಣೆಯಲ್ಲಿ ರೊಟ್ಟಿಯ ಹಿಟ್ಟು ಕಲಸಲು ಇಟ್ಟದ್ದು. ಪಕ್ಕದಲ್ಲಿ ಕೆಸರಾದ ಬಟ್ಟೆ; ಊಟದ ತಟ್ಟೆ ಒರೆಸುವ, ನೀಲಿ ಗೆರೆಯ ಬಟ್ಟೆ. ಹಲಗೆ ಬೋಳಾಗಿತ್ತು.

"ನಾನು ಬರೆದಿದ್ದೆ. ಉಪ್ಪು ಎಲ್ಲದಕ್ಕೂ ಎರಡೇ ಬಂದಿತ್ತು, ಸರಿಯಾಗೇ ಇತ್ತು," ಎಂದಳು ನೈರಿ.

ಸಿಡ್ನಿಯಿಂದ ಬಂದ ಮ್ಯಾನೇಜರ್ ಡೆಸ್ಮಂಡ್‌ನ ಮಾತು ಮೂಗಿನಲ್ಲಿ ಹೊರಟು ಮೂಗಿನಲ್ಲೇ ಮುಗಿಯುತ್ತದೆ. ಅದನ್ನು ಅಣಕಿಸಿ ನಾನು ಎಷ್ಟೋ ಸಂಜೆ ನಗು ಗಿಟ್ಟಿಸಿದ್ದೇನೆ. "ನೋಡಿ, ಹನ್ನೆರಡಕ್ಕೆ ಪರವಾನಗಿ ಕಚೇರಿಯ ಇನ್‌ಸ್ಪೆಕ್ಟರ್ ಬರ್ತಾರೆ. ಯಾರ ತಪ್ಪು ಅಂತ ನಾನು ಬರೆದು ಕೊಡ್ಬೇಕು. ಈಕೆ ಮನೆಗೆ ಹೋಗೋ ಆತುರದಲ್ಲಿ ಸಿಕ್ಕಿದ ಪಾತ್ರೆಗೆ ಸ್ವಲ್ಪ ಬಗ್ಗಿಸಿ, ಉಳಿದದ್ದು ಬಿಟ್ಟು ಹೋಗಿದಾಳೆ."

"ಈ ಕೋಣೆಯ ಬೀಗದ ಕೈ ಯಾರ ಹತ್ರ ಇದೆ?" ಎಂದು ಅಂಕಲ್ ಕೇಳಿದರು.

"ನನ್ನ ಹತ್ರ, ಇವಳ ಹತ್ರ, ರಾವಿರಿ ಹತ್ರ."

ಗೊಬ್ಬರ ಬೆರೆಸುವ ರಾವಿರಿ ಬಾಗಿಲಿಗೆ ಒರಗಿ ನಿಂತಿದ್ದ. "ನನ್ನ ಮೇಲೆ ಹಾಕ್ಬೇಡಿ ಸ್ವಾಮಿ. ದೊಡ್ಡಪ್ಪ ತೀರಿಕೊಂಡು ಎರಡು ದಿನದಿಂದ ಅವರ ಮಣ್ಣಿನ ಕೆಲಸದಲ್ಲಿದ್ದೆ. ಇನ್ನೂರು ಜನಕ್ಕೆ ಆಲೂಗಡ್ಡೆ ಸುಲಿದು ಬೆರಳೇ ಸವೆದಿದೆ. ಬೇಕಾದ್ರೆ ಆ ಇನ್ನೂರು ಜನಾನೂ ಕೇಳಿ."

"ನೈರಿ, ನಿನ್ನೆ ನೀನು ಎಷ್ಟೊತ್ತಿಗೆ ಹೊರಟೆ?"

"ಒಂದಕ್ಕೆ ನೀರು ಹಾಕಿದೆ, ಒಂದೂವರೆಗೆ ಚೆಲ್ಲಿದೆ. ಎರಡಕ್ಕೆ ಆಂಟಿ ಮಾಕೆರೆಟಾ ಕಾರಲ್ಲೇ ಊರಿಗೆ ಹೋದೆ."

ಅಂಕಲ್ ಉಪ್ಪಿನ ಮೀಟರ್ ಕೇಳಿ ಪಡೆದರು. ಬೋಗುಣಿಯ ನೀರಿಗೆ ಅದ್ದಿದರು: ಒಂಬತ್ತು. ಆರು ತಟ್ಟೆಗಳಿಗೂ ಅದ್ದಿದರು: ನಾಲ್ಕು, ನಾಲ್ಕು, ಎಲ್ಲ ನಾಲ್ಕೇ. ಜಗ್‌ನಿಂದ ಅಳೆದಾಗ ತಟ್ಟೆಗಳಲ್ಲಿ ಆರು ಲೀಟರ್, ಬೋಗುಣಿಯಲ್ಲಿ ಎಂಟು. ಬಗ್ಗಿದವರು ಎದ್ದು ಬೆನ್ನು ಹಿಡಿದುಕೊಂಡು, "ಪಿತಾ, ಎಲ್ಲರನ್ನೂ ಊಟದ ಕೋಣೆಗೆ ಕರಿ. ಚಹಾ ಮಾಡು," ಎಂದರು.

ಹನ್ನೊಂದು ದಾಟಿತ್ತು. ತೋಟದ ಅಧ್ಯಕ್ಷೆ ಆಂಟಿ ಮಾಕೆರೆಟಾ ಮೇಜಿನ ತುದಿಯಲ್ಲಿ ಗಡಿಯಾರವನ್ನೇ ನೋಡುತ್ತ ಕೂತಿದ್ದರು. ಅಂಕಲ್ ಕೈ ಚಾಚಿದರು. ಚಹಾದ ಕೆಟಲ್ ಉರುಳಿ ನೆಲವೆಲ್ಲ ಚಹಾ.

"ಅಯ್ಯೋ, ಮುದಿ ಕೈ! ಯಾರಾದ್ರೂ ಒರೆಸ್ರಪ್ಪ!"

ರಾವಿರಿ ಹಿತ್ತಲ ಶೆಡ್ಡಿಗೆ ಓಡಿದ. ನೈರಿ ಬಚ್ಚಲ ಬಾಗಿಲ ಹಿಂದಿನ ನೆಲದ ಬಟ್ಟೆಗೆ ಕೈ ಹಾಕಿದಳು. ಡೆಸ್ಮಂಡ್ ಅಷ್ಟು ದೂರ ಹೋಗಲಿಲ್ಲ. ಸಿಂಕಿನ ಮೇಲೆ ನೇತಾಡುತ್ತಿದ್ದ, ಅಂಥದ್ದೇ ಇನ್ನೊಂದು ನೀಲಿ ಗೆರೆಯ ಬಟ್ಟೆ ಎಳೆದು ನೆಲಕ್ಕೆ ಹಾಕಿ, ಬೂಟುಗಾಲಿಂದ ತಿಕ್ಕಿದ.

"ಏಯ್! ಅದು ತಟ್ಟೆ ಒರೆಸೋ ಬಟ್ಟೆ ಕಣೋ!" ಎಂದು ಆಂಟಿ ಕಿರುಚಿದರು.

"ಬಟ್ಟೆ ತಾನೆ? ಒಗೆದ್ರೆ ಆಯ್ತು."

ನಮ್ಮಲ್ಲಿ ಉಣ್ಣುವ ವಸ್ತು ಬೇರೆ, ನೆಲಕ್ಕೆ ತಾಗುವ ವಸ್ತು ಬೇರೆ. ಎರಡನ್ನೂ ಒಂದೇ ಬಕೆಟ್‌ನಲ್ಲಿ ನೆನೆಹಾಕಿದರೂ ನಮ್ಮ ಅಜ್ಜಿಯರು ಕಿವಿ ಹಿಂಡುತ್ತಿದ್ದರು.

"ಕೂತ್ಕೊ ಡೆಸ್ಮಂಡ್," ಎಂದರು ಅಂಕಲ್. "ನೈರಿಗೆ ಎಷ್ಟೇ ಆತುರ ಇರ್ಲಿ, ಹಿಟ್ಟಿನ ಬೋಗುಣಿಗೆ ಗಿಡದ ಕೊಳೆನೀರು ಬಗ್ಗಿಸ್ತಾಳಾ? ಮನೆ ಹೊತ್ತಿ ಉರೀತಿದ್ರೂ ಬಗ್ಗಿಸಲ್ಲ. ಆದ್ರೆ ಬಟ್ಟೆ ನನಗೆ ದಾರಿ ತೋರಿಸ್ತು, ಅಷ್ಟೇ. ಸಾಕ್ಷಿ ಹೇಳಿದ್ದು ನೀರು."

ಬೆರಳು ಮಡಿಸದೆ, ಕಣ್ಣು ಡೆಸ್ಮಂಡ್ ಮೇಲಿಂದ ತೆಗೆಯದೆ ಮುಂದುವರಿಸಿದರು. "ಆರು ಕುಂಡಕ್ಕೆ ನೈರಿ ಹಾಕಿದ್ದು ಹನ್ನೆರಡು ಲೀಟರ್. ಕೆಳಗಿಳಿಯೋದು ಎರಡೂವರೆ. ಆದ್ರೆ ಅಲ್ಲಿರೋದು ಹದಿನಾಲ್ಕು! ಹಾಕಿದ್ದಕ್ಕಿಂತ ಹೆಚ್ಚು ಇಳಿಯುತ್ತಾ? ಇನ್ನೊಂದು. ಒಂದೇ ಸಲ ಇಳಿದ ನೀರಾದ್ರೆ ಉಪ್ಪು ಎಲ್ಲ ಕಡೆ ಒಂದೇ ಇರ್ಬೇಕು. ಬೋಗುಣೀಲಿ ಒಂಬತ್ತು, ತಟ್ಟೇಲಿ ನಾಲ್ಕು. ಅಂದ್ರೆ ಮೊದಲು ಇಳಿದ ಉಪ್ಪುನೀರನ್ನ ಯಾರೋ ಬೋಗುಣಿಗೆ ಬಗ್ಗಿಸಿದ್ರು. ಆಮೇಲೆ ಬರೀ ನೀರು ಸುರಿದು ಸುರಿದು ಮಣ್ಣು ತೊಳೆದ್ರು. ಇದು ಮರೆತು ಹೋದವರ ಕೆಲಸ ಅಲ್ಲ. ಉಪ್ಪು ಏರಿದ್ದು ಗೊತ್ತಾಗಿ ಗಾಬರಿಬಿದ್ದವರದ್ದು. ಅಷ್ಟು ನೀರು ಇಳಿಯೋಕೆ ಎಷ್ಟೊತ್ತು ಬೇಕು, ರಾವಿರಿ?"

"ಎರಡು ಗಂಟೆಗೆ ಕಮ್ಮಿ ಇಲ್ಲ ಅಂಕಲ್."

"ಮಾಕೆರೆಟಾ, ಎರಡಕ್ಕೆ ನೈರಿ ಎಲ್ಲಿದ್ಲು?"

ಆಂಟಿಯ ಮುಖ ಕಪ್ಪಿಟ್ಟಿತು. "ನನ್ನ ಪಕ್ಕದಲ್ಲೇ. ಕಾರಲ್ಲಿ. ಆಮೇಲೆ ರಾತ್ರಿವರೆಗೂ ನನ್ನ ಜೊತೇಲೇ ಇದ್ಲು."

"ರಾವಿರಿ ಸಾವಿನ ಮನೇಲಿ. ಬೀಗದ ಕೈ ಇನ್ನೊಂದೇ ಉಳೀತು. ಹಿತ್ತಲ ಶೆಡ್ಡಲ್ಲಿ ಹತ್ತು ಬಕೆಟ್ ಇದಾವೆ. ಇವನು ಒಂದು ದಿನವೂ ಬಕೆಟ್ ಎತ್ತಿದವನಲ್ಲ, ಕೈಗೆ ಸಿಕ್ಕಿದ್ದು ಊಟದ ಕೋಣೆ."

ಡೆಸ್ಮಂಡ್‌ನ ದನಿ ಮೊದಲ ಬಾರಿಗೆ ಮೂಗಿನಿಂದಿಳಿದು ಎದೆಯಿಂದ ಬಂತು. "ಇನ್‌ಸ್ಪೆಕ್ಟರ್‌ಗೆ ಹಸಿರಾಗಿ ಕಾಣ್ಲಿ ಅಂತ ನಿನ್ನೆ ಸಂಜೆ ಗೊಬ್ಬರ ಹಾಕ್ದೆ. ರಾವಿರಿ ಇರ್ಲಿಲ್ಲ, ಅಳತೆ ತಪ್ತು. ತೊಳೆದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಬೆಳಿಗ್ಗೆ ನೋಡಿದ್ರೆ ಹೀಗೆ... ಹಲಗೆ ಅಳಿಸ್ದೆ."

"ಗಿಡ ಸುಟ್ಟಿದ್ದು ತಪ್ಪು ಕಣಪ್ಪ," ಎಂದರು ಆಂಟಿ. "ಇವಳನ್ನ ಸುಡೋಕೆ ಹೊರಟಿದ್ದು ಪಾಪ."

ನೈರಿ ಎದ್ದಳು. ಅಳಲಿಲ್ಲ, ಬೈಯಲಿಲ್ಲ. "ಇನ್‌ಸ್ಪೆಕ್ಟರ್ ಬರೋ ಮುಂಚೆ ಫೋನ್ ಮಾಡಿ. ನಿಮ್ಮ ಬಾಯಲ್ಲೇ ಹೇಳಿ. ನನ್ನ ಹೆಸರು ಬಂದ್ರೆ, ಇವಳದ್ದೇನೂ ಇಲ್ಲ ಅಂತ ಸೇರಿಸಿ."

ಡೆಸ್ಮಂಡ್ ಎಲ್ಲರೆದುರು ಫೋನ್ ಹಿಡಿದ. ಅವನು ತೊದಲುತ್ತಿದ್ದಾಗ ನೈರಿ ಒಳಗಿನ ಕೋಣೆಗೆ ಹೋದಳು. ನಾನು ಹಿಂದೆಯೇ ಹೋಗಿ ಇಣುಕಿದೆ. ಮೊಣಕಾಲೂರಿ ಒಂದೊಂದು ಕುಂಡದ ಮಣ್ಣಿಗೂ ಬೆರಳಿಳಿಸಿ, ಕಾಂಡವನ್ನು ಉಗುರಿನಿಂದ ಸ್ವಲ್ಪವೇ ಕೆರೆದು ಹಸಿರು ಹುಡುಕುತ್ತಿದ್ದಳು.

"ಎರಡು ಹೋದ್ವು," ಎಂದಳು, ನನ್ನತ್ತ ತಿರುಗದೆ. "ನಾಲ್ಕು ಬದುಕ್ತಾವೆ. ಅಲ್ಲಿ ನಿಂತು ನೋಡ್ಬೇಡ ಪಿತಾ, ಆ ದೀಪ ಸ್ವಲ್ಪ ಮೇಲಕ್ಕೆತ್ತು, ಬಿಸಿ ಕಮ್ಮಿಯಾಗ್ಲಿ. ಇವಕ್ಕೆ ಸುಸ್ತಾಗಿದೆ."