ಒಂಬತ್ತು ಹೆಂಗಸರ ಆನೆ

“ಇದು ಅರಮನೆಯಾ? ಇದಕ್ಕೆ ಹಂಚಿನ ಮಾಡು ಉಂಟಲ್ಲ!” ಹನಾ ಗೇಟಿನ ಹತ್ತಿರವೇ ನಿಂತುಬಿಟ್ಟಳು.

“ಅರಮನೆಯೇ ಮಾರಾಯ್ತಿ. ಚೌಟ ಅರಸರದ್ದು. ಆಗ ಮೂಡುಬಿದಿರೆ ಅವರ ರಾಜಧಾನಿ,” ಎಂದರು ಅವಳ ಅಪ್ಪ, ಅವಳ ಬಾಯಲ್ಲಿ ಉಪ್ಪ.

“ಮೈಸೂರಲ್ಲಿ ಅರಮನೆಗೆ ಲೈಟ್ ಹಾಕ್ತಾರೆ. ಇಲ್ಲಿ ಹಾಕ್ತಾರಾ?”

ಉಪ್ಪ ಗೇಟು ತಳ್ಳಿದರು.

ಕೆಲಸದಲ್ಲಿದ್ದ ಕೊಲ್ಲಿ ದೇಶದ ದಮ್ಮಾಮಿನಿಂದ ರಜೆಗೆ ಬಂದ ದಿನವೇ ಅವರು ಮೈಸೂರು ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಹನಾ ಪಾಣೆಮಂಗಳೂರಿನ ಶಾಲೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಅಷ್ಟರಲ್ಲಿ ಕಂಪೆನಿಯವರ ಫೋನ್ ಬಂತು: ಕೂಡಲೇ ಹೊರಡಬೇಕು. ನಾಳೆಯೇ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ. ಇರುವ ಒಂದು ದಿನದಲ್ಲಿ ಮೈಸೂರಿಗೆ ಹೋಗಿ ಬರಲಾಗುತ್ತದೆಯೇ? ಅದಕ್ಕೇ ಹತ್ತಿರದ ಈ ಅರಮನೆ.

ಅರಮನೆಯವರನ್ನು ಕೇಳಿ ಇಬ್ಬರೂ ಒಳಗೆ ಹೋದರು. ಚಾವಡಿಯ ಮರದ ಕಂಬಗಳ ತುಂಬ ಕೆತ್ತನೆ.

“ನಾನು ನಿನ್ನಷ್ಟು ಇರುವಾಗ ಶಾಲೆಯಿಂದ ಟೂರ್ ಬಂದಿದ್ದೆ,” ಎಂದರು ಉಪ್ಪ. “ಹಾಜಬ್ಬ ಮಾಸ್ಟ್ರೇ ನಮ್ಮ ಗೈಡ್. ‘ಇಲ್ಲೊಂದು ಆನೆ ಉಂಟು, ಹುಡುಕಿ ಮಕ್ಕಳೇ’ ಅಂದ್ರು. ಒಂಬತ್ತು ಹೆಂಗಸರು ಸೇರಿ ಆದ ಆನೆ! ಮೊದಲು ಕಂಡದ್ದು ನನಗೇ. ಮಾಸ್ಟ್ರು ಎಲ್ಲರೆದುರು ಬೆನ್ನು ತಟ್ಟಿದ್ರು. ಈಗ ಎಲ್ಲಿ ಹೋಯ್ತು ಅದು?”

ಉಪ್ಪ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಹುಡುಕತೊಡಗಿದರು. ಹನಾ ಮುಖ ಊದಿಸಿಕೊಂಡು ಆಚೆ ತಿರುಗಿದಳು. ಎದುರಿನ ಕಂಬದಲ್ಲೇ ಆನೆ! ಹತ್ತಿರ ಹೋದರೆ, ಸೊಂಡಿಲೂ ಹೆಂಗಸು, ಕಾಲೂ ಹೆಂಗಸು. ಅವಳಿಗೆ ಸಿಟ್ಟು ಮರೆತೇಹೋಯಿತು.

ಕೂಗಬೇಕೆಂದು ಬಾಯಿ ತೆರೆದಳು. ಆದರೆ ಉಪ್ಪ ಇನ್ನೊಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತಮ್ಮಷ್ಟಕ್ಕೇ ನಗುತ್ತಿದ್ದರು. ಫೋನ್ ಬಂದ ಮೇಲೆ ಅವರು ಹಾಗೆ ನಕ್ಕದ್ದೇ ಇರಲಿಲ್ಲ.

ಹನಾ ಬಾಯಿ ಮುಚ್ಚಿದಳು.

“ಉಪ್ಪಾ, ಈ ಕಡೆಯೂ ಒಮ್ಮೆ ನೋಡುವ.”

ಉಪ್ಪ ಎದ್ದು ಬಂದರು.

“ಇಲ್ಲುಂಟು! ಸಿಕ್ಕಿತು ಹನಾ!” ಅವರ ಕೂಗಿಗೆ ಒಳಗಿನಿಂದ ಯಾರೋ ಅಜ್ಜಿ ಇಣುಕಿ ನೋಡಿ ನಕ್ಕರು. ಉಪ್ಪನಿಗೆ ಅದರ ಪರಿವೆಯೇ ಇಲ್ಲ. “ಇವಳು ಸೊಂಡಿಲು. ಇವಳು ಬೆನ್ನು. ಗೊತ್ತಾಯ್ತಾ?”

ಹನಾಗೆ ಎಲ್ಲವೂ ಕಾಣುತ್ತಿತ್ತು.

“ಬಾಲ ಎಲ್ಲಿ ಉಪ್ಪಾ? ನನಗೆ ಕಾಣುವುದಿಲ್ಲ.”

ಉಪ್ಪ ಅವಳ ಬೆರಳು ಹಿಡಿದು, ಆನೆಯ ಬೆನ್ನ ಮೇಲಿನಿಂದ ಬಾಲದ ಕಡೆಗೆ ಮೆಲ್ಲನೆ ಕರೆದುಕೊಂಡು ಹೋದರು.