ಹೊಸ್ತಿಲು ದಾಟದ ಸಿಸ್ಟರ್

"ಒಳಗೆ ಬಂದ್ರೆ ನಾನೇನು ಕಚ್ಚಿಬಿಡ್ತೀನಾ ಸಿಸ್ಟರ್?"

ಎದೆಯ ಸ್ಕ್ಯಾನ್ ಮಾಡುವ ಎಕೋ ಟೆಕ್ನೀಷಿಯನ್ ನಗುತ್ತ ಕೇಳಿದ. ಹೃದಯದ ವಾರ್ಡಿನ ನರ್ಸ್ ನಗಲಿಲ್ಲ. ಎಕೋ ಕೋಣೆಯ ಹೊಸ್ತಿಲಲ್ಲೇ ರೋಗಿಯ ಗಾಲಿಕುರ್ಚಿಯನ್ನು ಅವನಿಗೊಪ್ಪಿಸಿ, ತಿರುಗಿಯೂ ನೋಡದೆ ಹೊರಟುಬಿಟ್ಟಳು. ಅವನ ಮನಸ್ಸು ಅವಳತ್ತ ಜಾರಿದ್ದು ಅವತ್ತೇ!

ಆಮೇಲೂ ಅಷ್ಟೇ. ಕ್ಯಾಂಟೀನಿನಲ್ಲಿ ಅವನು ಎದುರು ಕೂತರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದಳು. ಅವಳಿಗೆ ತನ್ನ ಮುಖ ಕಂಡರೆ ಆಗದು ಎಂದುಕೊಂಡ ಪಾಪದವನು, ವರ್ಷ ಕಳೆಯುವುದರೊಳಗೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ನೋಡಿಕೊಂಡ.

ಅವಳಿಗೆ ಭಯವಿದ್ದದ್ದು ಆ ಎಕೋ ಯಂತ್ರದ್ದು ಎಂದು ಅವನಿಗೇನು ಗೊತ್ತು! ಅವಳ ಅಮ್ಮ, ಆಮೇಲೆ ಅಣ್ಣ, ಇಬ್ಬರೂ ಹೃದಯ ಸೋತು ತೀರಿಕೊಂಡಿದ್ದರು. ಜೀನಿನ ದೋಷ ಎಂದಿದ್ದರು ಡಾಕ್ಟರು. ತನ್ನಲ್ಲೂ ಅದು ಇದೆಯೋ ಇಲ್ಲವೋ... ತಿಳಿದುಕೊಳ್ಳುವ ಧೈರ್ಯವೇ ಬಂದಿರಲಿಲ್ಲ. ಒಬ್ಬಳೇ ಉಂಡು, ಒಬ್ಬಳೇ ಮಲಗಿ, ಎದೆ ತುಸು ಜೋರಾಗಿ ಬಡಿದರೂ ಬೆಚ್ಚಿಬೀಳುವ ಬದುಕು. ಅವನನ್ನು ಕಂಡರಂತೂ ಇನ್ನೂ ಜೋರು! ಇದು ಪ್ರೀತಿಯೋ, ರೋಗವೋ...?

ಆ ಆಸ್ಪತ್ರೆಯಲ್ಲಿ ಅವನ ಕೊನೆಯ ದಿನ. ಕಾಲು ಬಾತ ರೋಗಿಯೊಬ್ಬರ ತೂಕ ನೋಡಿ, ಅವರ ಮಗಳಿಗೆ ಅವಳು ತಿಳಿಹೇಳುತ್ತಿದ್ದಳು.

"ಅಪ್ಪನಿಂದ ಮಕ್ಕಳಿಗೆ ಬರಬಹುದಾದ ಕಾಯಿಲೆ ಕಣಮ್ಮಾ. ಬಂದೇ ಬರುತ್ತೆ ಅಂತೇನಿಲ್ಲ, ಅರ್ಧಕ್ಕರ್ಧ ಛಾನ್ಸು. ಬೇಗ ಗೊತ್ತಾದ್ರೆ ಮಾತ್ರೆ ಇದೆ, ದಾರಿ ಇದೆ. ನೀನೂ ಎಕೋ, ರಕ್ತಪರೀಕ್ಷೆ ಮಾಡಿಸ್ಕೋ."

"ನನ್ನ ಜಾಗದಲ್ಲಿದ್ದಿದ್ರೆ ನೀವು ಮಾಡಿಸ್ಕೊಳ್ತಿದ್ರಾ ಅಕ್ಕಾ?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿನ್ನ ಜಾಗದಲ್ಲೇ ಇದ್ದೀನಿ... ಇವತ್ತು ಮಾಡಿಸ್ಕೊಳ್ತೀನಿ."

ಅವನು ಎಕೋ ಕೋಣೆಯಲ್ಲಿ ಬ್ಯಾಗು ತುಂಬುತ್ತಿದ್ದ. ಅವಳು ಸೀದಾ ಒಳಗೆ ಬಂದು, ಅಮ್ಮನ ಕಥೆ, ಅಣ್ಣನ ಕಥೆ, ತನ್ನ ಭಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಿಮ್ಮ ಮೇಲೆ ಕೋಪ ಇರ್ಲಿಲ್ಲ. ಇಷ್ಟ ಅಂದು, ಆಮೇಲೆ ನಾನು ಹೋಗ್ಬಿಟ್ರೆ ನೀವು ಒಂಟಿ ಆಗ್ತೀರಲ್ಲಾ ಅಂತ..."

"ಇಷ್ಟು ದಿನ ನಾನೇನು ಒಂಟಿ ಆಗಿರ್ಲಿಲ್ವಾ?"

ಅವನ ಕಣ್ಣು ತುಂಬಿತ್ತು. ಪರೀಕ್ಷೆ ಮಾಡಲು ಅವನು ತನ್ನ ಹಿರಿಯ ಸಹೋದ್ಯೋಗಿ ಹೆಂಗಸನ್ನು ಕರೆದ. ಆಕೆ ಎಲ್ಲರನ್ನೂ ಕೇಳುವಂತೆಯೇ ಕೇಳಿದಳು, "ಜೊತೆಗೆ ಯಾರು ಬಂದಿದ್ದಾರಮ್ಮಾ?"

"ಯಾರೂ..."

"ನಾನಿದ್ದೀನಿ," ಅಂದ ಅವನು.

ಅವಳು ಅವನತ್ತ ತಿರುಗಿದಳು. "ಚೆನ್ನಾಗಿಲ್ಲ ಅಂತ ಬಂದ್ರೆ?"

"ಮನೆಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕಲ್ಲ."

"ಚೆನ್ನಾಗಿದ್ರೆ...?"

"ಆಗ್ಲೂ ಮನೆಗೇ ತಾನೇ ಹೋಗೋದು!"