ತಾಗದೆ ಹೋದ ಗಾಡಿ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಲೋನಿ ಹ್ಯಾಸ್ಕೆಲ್ ಕಾಲ್ಡರ್ ಕೌಂಟಿಯ ಶೆರಿಫ್ ಠಾಣೆಗೆ ಬಂದು ದೂರು ಕೊಟ್ಟ. ಶನಿವಾರ ಸಂಜೆ ಹಳೆಯ ಹತ್ತಿ ಗಿರಣಿಯ ತಿರುವಿನಲ್ಲಿ ಹಸಿರು ಪಿಕಪ್ ಒಂದು ಎದುರಿನಿಂದ ಇವನ ಪಥಕ್ಕೇ ನುಗ್ಗಿ, ಕಾರಿನ ಚಾಲಕನ ಕಡೆಯ ಎಡಬಾಗಿಲಿಗೆ ಉಜ್ಜಿ, ನಿಲ್ಲದೆ ಹೋಯಿತಂತೆ. ಕಾರು ಚರಂಡಿಗೆ ಬಿದ್ದು ಹೆಂಡತಿ ಡಾರ್ಲಾಳ ಸೊಂಟದ ಮೂಳೆ ಮುರಿದಿತ್ತು.

ದೂರು ಬರೆದುಕೊಂಡವಳು ಸಾರ್ಜೆಂಟ್ ವಿಲ್ಮಾ ಟ್ರೆವಿನೊ. ಶನಿವಾರ ಸ್ಥಳಕ್ಕೆ ಹೋಗಿದ್ದ ಡೆಪ್ಯುಟಿ ಡ್ವೇನ್ ಪ್ರೂಯಿಟ್‌ನನ್ನು ಕರೆದು ವಿಚಾರಿಸಿದಳು. ಪಿಕಪ್ ಅಡ್ಡ ಬಂತೆಂದು ಲೋನಿ ಅವತ್ತೇ ಹೇಳಿದ್ದನಂತೆ. ಬಾಗಿಲನ್ನು ಮಾತ್ರ ಪ್ರೂಯಿಟ್ ನೋಡಿರಲಿಲ್ಲ. ನೋವಿಗೆ ಕಿರುಚುತ್ತಿದ್ದ ಡಾರ್ಲಾಳನ್ನು ಹೊರಗೆಳೆಯುವುದೇ ಅವನಿಗೆ ದೊಡ್ಡ ಕೆಲಸವಾಗಿತ್ತು.

ಕಾರು, ಕೆಟ್ಟ ಗಾಡಿಗಳನ್ನು ಎಳೆದು ತಂದಿಡುವ ಟೋಯಿಂಗ್ ಅಂಗಳದಲ್ಲಿತ್ತು. ಚರಂಡಿಯ ಕೆಂಪು ಕೆಸರು ಮೈಯೆಲ್ಲ ಒಣಗಿತ್ತು, ಎಡಬಾಗಿಲಿನ ಉದ್ದಕ್ಕೂ ಹಸಿರು ಪಟ್ಟಿ. ಟ್ರೆವಿನೊ ಫೋಟೊ ತೆಗೆದು, ಬಣ್ಣದ ಚೂರನ್ನು ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದಳು.

ಮಂಗಳವಾರ ಮಧ್ಯಾಹ್ನ ಪ್ರೂಯಿಟ್ ಹಸಿರು ಪಿಕಪ್ ಪತ್ತೆ ಹಚ್ಚಿದ. ಅದು ಛಾವಣಿ ಕೆಲಸದ ಎಫ್ರೈನ್ ಕ್ವಿಂಟೆರೊನದು. ಮುಂಭಾಗ ನಜ್ಜುಗುಜ್ಜಾಗಿತ್ತು, ವಿಮೆ ಇರಲಿಲ್ಲ. ಗೇಟಿನ ಕಂಬಕ್ಕೆ ಗುದ್ದಿದ್ದೆ ಎಂದ ಎಫ್ರೈನ್. ಶನಿವಾರ ಸಂಜೆ ಎಲ್ಲಿದ್ದೆ ಎಂದು ಟ್ರೆವಿನೊ ಕೇಳಿದರೆ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದೆ ಎಂದ.

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ ಮೇಡಂ."

"ಎಷ್ಟು ಮೀನು ಸಿಕ್ತು?"

"ಒಂದೂ ಇಲ್ಲ."

"ಒಂದು ಮೀನಾದ್ರೂ ಹಿಡಿದಿದ್ರೆ ಸಾಕ್ಷಿ ಆಗ್ತಿತ್ತಲ್ಲೋ," ಎಂದ ಪ್ರೂಯಿಟ್. ಎಫ್ರೈನ್ ನಗಲಿಲ್ಲ. ಗಾಯಾಳುವನ್ನು ಬಿಟ್ಟು ಓಡಿದ ಆರೋಪ ನಿಂತರೆ ವರ್ಷಗಟ್ಟಲೆ ಜೈಲು. ಅವನನ್ನು ಲಾಕಪ್ಪಿಗೆ ಹಾಕಿದರು. ಅವನ ಹೆಂಡತಿ ಬಾಳೆಕಾಯಿಯಷ್ಟು ದಪ್ಪದ, ತಮಾಲೆ ಎಂಬ ಜೋಳದ ಕಡುಬುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಠಾಣೆಯ ಬೆಂಚಿನ ಮೇಲೆ ಕುಳಿತವಳು ಸಂಜೆಯಾದರೂ ಏಳಲಿಲ್ಲ.

ಬುಧವಾರ ಪ್ರಯೋಗಾಲಯದವರು ಚೂರು ಸಾಲದು, ಇನ್ನಷ್ಟು ದೊಡ್ಡದು ಬೇಕೆಂದರು. ಟ್ರೆವಿನೊ ಪ್ರೂಯಿಟ್‌ನನ್ನು ಕರೆದುಕೊಂಡು ಮತ್ತೆ ಅಂಗಳಕ್ಕೆ ಹೋದಳು. ಚಾಕುವಿನ ತುದಿಯಿಂದ ಕೆರೆದಾಗ ಹಸಿರು ಚಕ್ಕೆ ಎದ್ದಿತು. ಅದರ ಬೆನ್ನಿಗೆ ಕೆಂಪು ಮಣ್ಣು ಅಂಟಿತ್ತು. ಇನ್ನೊಂದು ಕಡೆ ಕೆರೆದಳು. ಅಲ್ಲೂ ಅದೇ.

"ಏನಾಯ್ತು ಸಾರ್ಜೆಂಟ್?"

"ಚರಂಡಿ ಕೆಸರು ಕೆಳಗಿದೆ ಕಣಯ್ಯ, ಬಣ್ಣ ಮೇಲಿದೆ."

"ಅಂದ್ರೆ?"

"ಅಂದ್ರೆ ಕಾರು ಮೊದಲು ಚರಂಡಿಗೆ ಬಿತ್ತು. ಪಿಕಪ್ ಆಮೇಲೆ ನಿಧಾನಕ್ಕೆ ಚರಂಡಿಗೆ ಇಳಿದು ಉಜ್ತು. ನಂಬ್ತೀಯಾ?"

ಅಂಗಳದ ಕಾವಲುಗಾರನನ್ನು ಕೇಳಿದಾಗ, ಭಾನುವಾರ ಲೋನಿ ಹೆಂಡತಿಯ ಕೈಚೀಲ, ಕನ್ನಡಕ ತೆಗೆದುಕೊಳ್ಳಲು ಬಂದಿದ್ದನೆಂದೂ, ಕಾರಿನ ಆಚೆ ಮಗ್ಗುಲಲ್ಲಿ ಬಹಳ ಹೊತ್ತು ಕೂತಿದ್ದನೆಂದೂ ತಿಳಿಯಿತು. ಅಳುತ್ತಿರಬೇಕೆಂದು ಕಾವಲುಗಾರ ಹತ್ತಿರ ಹೋಗಿರಲಿಲ್ಲ.

ಲೋನಿ ಆಸ್ಪತ್ರೆಯ ಮೂರನೇ ಮಹಡಿಯ ಮೊಗಸಾಲೆಯಲ್ಲಿ ಸಿಕ್ಕ. ವಕೀಲ ಬೇಕಾದರೆ ಕರೆಸಿಕೊಳ್ಳಬಹುದು, ಸುಮ್ಮನಿರಲೂಬಹುದು ಎಂದು ಟ್ರೆವಿನೊ ಹೇಳಿದಳು. ಬೇಡವೆಂದು ತಲೆಯಾಡಿಸಿದ.

"ಇನ್ಶೂರೆನ್ಸಿನವರಿಗೆ ಯಾವಾಗ ಫೋನ್ ಮಾಡಿದೆ?"

"ಭಾನುವಾರ ಬೆಳಿಗ್ಗೆ."

"ಏನಂದ್ರು?"

ಬಾಗಿಲು ತೆರೆದಂತೆ ಎಲ್ಲವೂ ಹೊರಬಂತು. ಅವನಿಗೆ ಆರೋಗ್ಯ ವಿಮೆಯಿರಲಿಲ್ಲ. ಡಾರ್ಲಾ ಮತ್ತೆ ನಡೆಯಬೇಕಾದರೆ ಇನ್ನೊಂದು ಶಸ್ತ್ರಚಿಕಿತ್ಸೆ ಆಗಬೇಕು. ಆದರೆ ಕಾರಿನ ವಿಮೆಯಲ್ಲಿ, ವಿಮೆಯಿಲ್ಲದವನು ಗುದ್ದಿದರೆ ತನ್ನದೇ ಕಂಪನಿ ಖರ್ಚು ಕೊಡುವ ರಕ್ಷಣೆಯ ಕಂತನ್ನು ಅವನು ಬಿಡದೆ ಕಟ್ಟಿಕೊಂಡು ಬಂದಿದ್ದ. ಗುದ್ದಿ ಓಡಿಹೋದವನೂ ವಿಮೆಯಿಲ್ಲದವನ ಲೆಕ್ಕವೇ ಎಂದು ಫೋನಿನಲ್ಲಿದ್ದ ಹುಡುಗಿ ಸಮಾಧಾನ ಹೇಳಿದ್ದಳು. ಆಮೇಲೆ ಕೇಳಿದ್ದಳು, ಆ ಗಾಡಿ ನಿಮ್ಮ ಕಾರಿಗೆ ತಾಗಿತಾ? ತಾಗದಿದ್ದರೆ ಏನೂ ಸಿಗದು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟವನು, ಮನೆಯ ಹಿಂದೆ ಬಿದ್ದಿದ್ದ ಹಸಿರು ಬಳಿದ ಹಳೇ ಟ್ರೇಲರಿನ ತಗಡು ತಂದು ಬಾಗಿಲಿಗೆ ಉಜ್ಜಿದ್ದ.

"ಪಿಕಪ್ ಬಂದಿದ್ದು ನಿಜ ಮೇಡಂ. ಹಸಿರು ಅನ್ನೋದೂ ನಿಜ. ತಾಗ್ಲಿಲ್ಲ ಅಷ್ಟೇ."

"ಎಫ್ರೈನ್ ಒಳಗಿದಾನೆ. ಗೊತ್ತಾ?"

"ನಿನ್ನೆ ಗೊತ್ತಾಯ್ತು."

"ಒಂದು ರಾತ್ರಿ ಸುಮ್ನಿದ್ದೆ."

ಲೋನಿ ಮುಖ ಒರೆಸಿಕೊಂಡ. "ನನ್ನ ಕಂತು, ನನ್ನ ಕಂಪನಿ. ಓಡಿಹೋದ ಗಾಡಿಗೆ ಹೆಸರಿಲ್ಲ, ಮುಖ ಇಲ್ಲ. ಯಾರ ತಲೆಗೂ ಬರಲ್ಲ ಅನ್ಕೊಂಡಿದ್ದೆ. ನೀವು ಹೋಗಿ ಅದಕ್ಕೊಬ್ಬ ಮನುಷ್ಯನ್ನ ಹಿಡ್ಕೊಂಡು ಬರ್ತೀರ ಅಂತ ನನಗೇನು ಗೊತ್ತು?"

ಟ್ರೆವಿನೊ ಠಾಣೆಗೆ ಫೋನ್ ಮಾಡಿ ಎಫ್ರೈನ್‌ನನ್ನು ಬಿಡಲು ಹೇಳಿದಳು. ವಿಮೆಯಿಲ್ಲದೆ ಗಾಡಿ ಓಡಿಸಿದ ದಂಡವಷ್ಟೇ ಅವನಿಗೆ ಉಳಿಯಿತು. ಸುಳ್ಳು ದೂರು ಮತ್ತು ವಿಮಾ ವಂಚನೆಗಾಗಿ ಲೋನಿಯ ಬಂಧನವಾಯಿತು. ಡಾರ್ಲಾಗೆ ಹೇಳಿ ಬರುತ್ತೇನೆಂದ. ಪ್ರೂಯಿಟ್ ಬಾಗಿಲ ಬಳಿ ಕಾದ. ಒಳಗಿಂದ ಅವಳ ದನಿ ಒಮ್ಮೆ ಮಾತ್ರ ಕೇಳಿತು. "ನನ್ನ ಕೇಳಿದ್ರೆ ತಾಗಿಲ್ಲ ಅಂತ್ಲೇ ಹೇಳ್ತಿದ್ದೆ ಲೋನಿ."

ಕಾರಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ ಟ್ರೆವಿನೊ ಹಣಕ್ಕಾಗಿಯೇ ಇಷ್ಟೆಲ್ಲ ಮಾಡಿದೆಯಾ ಎಂದು ಕೇಳಿದಳು.

"ಪಿಕಪ್ ತಪ್ಪಿಸೋಕೆ ಸ್ಟೀರಿಂಗ್ ಬಲಕ್ಕೆ, ಚರಂಡಿ ಕಡೆ ಎಳೆದೋನು ನಾನು ಮೇಡಂ. ಅವಳು ಕೂತಿದ್ದ ಕಡೆ."